ಅಮೆರಿಕದ ರಾಜ್ಯ ಕೆಂಪೋ ನೀಲಿಯೋ ಅಂತ ಕೇಳುವ ಮೊದಲು

ಹೋದ ತಿಂಗಳು ಬೆಂಗಳೂರಿನಿಂದ ತಂಗಿ ಫೋನ್ ಮಾಡಿದಳು. ಅವಳ ಗಂಡನಿಗೆ ನಾರ್ತ್ ಕೆರೊಲೈನಾದ ಕ್ಯಾರಿ ಅನ್ನೋ ಊರಿಗೆ ಟ್ರಾನ್ಸ್‌ಫರ್ ಆಗಿದೆ. ಮಗಳಿಗೆ ಏಳು ವರ್ಷ. ಬಾಡಿಗೆ ಎಷ್ಟು, ಚಳಿ ಎಷ್ಟು, ರಾಗಿ ಹಿಟ್ಟು ಸಿಗುತ್ತಾ ಅಂತ ಕೇಳುತ್ತಾಳೆ ಅಂದುಕೊಂಡಿದ್ದೆ. ಅವಳು ಕೇಳಿದ್ದು ಒಂದೇ: "ಅಕ್ಕಾ, ಅದು ಕೆಂಪು ರಾಜ್ಯಾನಾ, ನೀಲೀನಾ?" ಅಂದರೆ ರಿಪಬ್ಲಿಕನ್ ಪಕ್ಷದ ಕಡೆಯೋ, ಡೆಮಾಕ್ರಟಿಕ್ ಪಕ್ಷದ ಕಡೆಯೋ ಅಂತ.

ತಕ್ಷಣ ಉತ್ತರ ಹೇಳಲು ನನಗೆ ಆಗಲಿಲ್ಲ. 2024ರಲ್ಲಿ ಆ ರಾಜ್ಯ ರಿಪಬ್ಲಿಕನ್ ಪಕ್ಷದ ಟ್ರಂಪ್ ಅವರನ್ನು ಗೆಲ್ಲಿಸಿತು. ಅದೇ ದಿನ, ಅದೇ ಜನ, ಡೆಮಾಕ್ರಟಿಕ್ ಪಕ್ಷದ ಜಾಶ್ ಸ್ಟೈನ್ ಅವರನ್ನು ಗವರ್ನರ್ ಮಾಡಿದರು (ಇಲ್ಲಿ ಗವರ್ನರ್ ಅಂದರೆ ಜನರೇ ಆರಿಸುವ, ನಮ್ಮ ಮುಖ್ಯಮಂತ್ರಿಯಂಥ ಹುದ್ದೆ). ಇದಕ್ಕೆ ಯಾವ ಬಣ್ಣ ಹೇಳಲಿ? ರಾತ್ರಿ ಕೂತು ಅವಳಿಗೆ ಒಂದು ಉದ್ದ ಮೆಸೇಜ್ ಬರೆದೆ. ಅದನ್ನೇ ಬೆಳೆಸಿ ಇಲ್ಲಿ ಹಾಕುತ್ತಿದ್ದೇನೆ. ಅಮೆರಿಕಕ್ಕೆ ಹೊರಟವರಿಗೆ, ಇಲ್ಲೇ ಇದ್ದು ಕೆಲಸಕ್ಕಾಗಿ ಒಂದು ರಾಜ್ಯದಿಂದ ಇನ್ನೊಂದಕ್ಕೆ ಹೋಗುವವರಿಗೆ, ಮಕ್ಕಳು ಇಲ್ಲಿದ್ದಾರೆ ಅಂತ ಚುನಾವಣೆ ಬಂದಾಗಲೆಲ್ಲ ಟಿವಿ ಮುಂದೆ ಕೂರುವ ಅಪ್ಪ ಅಮ್ಮಂದಿರಿಗೆ.

ನಾನು 2012ರಲ್ಲಿ ಓದಲು ಬಂದವಳು. ಐದು ವರ್ಷ ಒಹಾಯೊ, ಐದು ವರ್ಷ ಟೆಕ್ಸಸ್, 2022ರಿಂದ ವಾಷಿಂಗ್ಟನ್ ರಾಜ್ಯ. ಇಲ್ಲಿ ಬರುವ ಅಭಿಪ್ರಾಯಗಳು ನನ್ನವು, ನೀವು ಒಪ್ಪಲೇಬೇಕು ಅಂತಿಲ್ಲ. ಆದರೆ ಒಂದು ರಾಜ್ಯದ ಬಗ್ಗೆ ಅಭಿಪ್ರಾಯ ಇಟ್ಟುಕೊಳ್ಳುವುದಾದರೆ ಅದನ್ನು ನೀವೇ ಕಟ್ಟಿಕೊಳ್ಳಿ. ಟಿವಿಯ ಬಣ್ಣದ ನಕ್ಷೆಯಿಂದ ಎತ್ತಿಕೊಳ್ಳಬೇಡಿ.

ಬಣ್ಣ ಎಷ್ಟು ಹೇಳುತ್ತದೆ

ಕೆಂಪು ಅಂದರೆ ನಮ್ಮ ಕಡೆ ಎಡಪಕ್ಷದ ಬಾವುಟ. ಇಲ್ಲಿ ಅದು ತಿರುಗಾಮುರುಗಾ. ಕೆಂಪು ಅಂದರೆ ರಿಪಬ್ಲಿಕನ್ ಪಕ್ಷ, ನೀಲಿ ಅಂದರೆ ಡೆಮಾಕ್ರಟಿಕ್ ಪಕ್ಷ. ಇದೇನೂ ಹಳೇ ಪದ್ಧತಿಯಲ್ಲ. 2000ದ ಬುಷ್–ಗೋರ್ ಚುನಾವಣೆಯವರೆಗೆ ಟಿವಿ ಚಾನೆಲ್‌ಗಳು ತಮಗೆ ತೋಚಿದ ಬಣ್ಣ ಹಾಕುತ್ತಿದ್ದವು. 1980ರಲ್ಲಿ ರಿಪಬ್ಲಿಕನ್ ಪಕ್ಷದ ರೇಗನ್ ಗೆದ್ದ ರಾಜ್ಯಗಳನ್ನು ನೀಲಿಯಲ್ಲಿ ತೋರಿಸಿದ್ದೂ ಉಂಟು. ಆ ಚುನಾವಣೆಯಲ್ಲಿ ಫ್ಲಾರಿಡಾದ 537 ಓಟಿನ ಅಂತರದ ಜಗಳ ವಾರಗಟ್ಟಲೆ ನಡೆಯಿತಲ್ಲ, ದಿನಾ ಅದೇ ನಕ್ಷೆ ನೋಡಿ ನೋಡಿ ಈ ಬಣ್ಣ ಜನರ ತಲೆಯಲ್ಲಿ ಕೂತುಬಿಟ್ಟಿತು.

ಆ ಬಣ್ಣ ಹೇಳುವುದು ಗೆದ್ದವರು ಯಾರು ಅಂತ ಮಾತ್ರ. 48 ರಾಜ್ಯಗಳಲ್ಲಿ ಒಂದೇ ಓಟು ಜಾಸ್ತಿ ಬಂದರೂ ಆ ರಾಜ್ಯದ ಎಲೆಕ್ಟೋರಲ್ ಓಟು (ಅಧ್ಯಕ್ಷರನ್ನು ಆರಿಸಲು ಪ್ರತಿ ರಾಜ್ಯಕ್ಕೂ ಇರುವ ಓಟುಗಳು) ಪೂರ್ತಿ ಅವರಿಗೇ. ಮೇನ್ ಮತ್ತು ನೆಬ್ರಾಸ್ಕ ಎರಡು ಮಾತ್ರ ಕ್ಷೇತ್ರದ ಲೆಕ್ಕದಲ್ಲಿ ಹಂಚುತ್ತವೆ. 2020ರಲ್ಲಿ ಬೈಡನ್ ಜಾರ್ಜಿಯಾದಲ್ಲಿ ಗೆದ್ದದ್ದು 11,779 ಓಟಿನಿಂದ. ಇಡೀ ರಾಜ್ಯ ನೀಲಿ ಆಯಿತು. 2024ರಲ್ಲಿ ಇಡೀ ರಾಜ್ಯ ಮತ್ತೆ ಕೆಂಪು. ಅಲ್ಲಿರುವ ನನ್ನ ಗೆಳತಿಯ ಬೀದಿಯಲ್ಲಿ ಮನೆಗಳೂ ಅವೇ, ಜನರೂ ಅವರೇ.

ಇನ್ನೊಂದು ಲೆಕ್ಕ ನೋಡಿ. 2020ರಲ್ಲಿ ಟ್ರಂಪ್ ಅವರಿಗೆ ಎಲ್ಲಕ್ಕಿಂತ ಜಾಸ್ತಿ ಓಟು ಬಿದ್ದ ರಾಜ್ಯ ಕ್ಯಾಲಿಫೋರ್ನಿಯಾ. 60 ಲಕ್ಷ. ಟೆಕ್ಸಸ್‌ನಲ್ಲಿ ಬಿದ್ದದ್ದು ಸುಮಾರು 59 ಲಕ್ಷ. ನೀಲಿ ರಾಜ್ಯ ಅಂತ ಎಲ್ಲರೂ ಕರೆಯುವ ಕಡೆ 60 ಲಕ್ಷ ಜನ ಬೇರೆ ಥರ ಯೋಚಿಸುತ್ತಾರೆ, ಅವರಲ್ಲಿ ಯಾರೋ ಒಬ್ಬರು ನಿಮ್ಮ ಮಗುವಿನ ಟೀಚರ್ ಆಗಿರಬಹುದು, ನಿಮ್ಮ ಮ್ಯಾನೇಜರ್ ಆಗಿರಬಹುದು.

ಗಾತ್ರವನ್ನೂ ಮರೆಯಬೇಡಿ. ವಯೋಮಿಂಗ್ ನಕ್ಷೆಯಲ್ಲಿ ದೊಡ್ಡ ಕೆಂಪು ಚೌಕ. ಜನ 2020ರ ಗಣತಿಯಲ್ಲಿ 5.77 ಲಕ್ಷ. ನಮ್ಮ ಕೊಡಗು ಜಿಲ್ಲೆಯಲ್ಲಿ 2011ರಲ್ಲೇ 5.54 ಲಕ್ಷ ಇತ್ತು. ಆ ವಯೋಮಿಂಗ್‌ಗೂ ದೇಶದ ಸಂಸತ್ತಿನ ಮೇಲ್ಮನೆಯಲ್ಲಿ ಇಬ್ಬರು ಸದಸ್ಯರು, ಅಂದರೆ ಸೆನೆಟರ್, ಸುಮಾರು ನಾಲ್ಕು ಕೋಟಿ ಜನರ ಕ್ಯಾಲಿಫೋರ್ನಿಯಾಗೂ ಇಬ್ಬರೇ. ಚಿಕ್ಕ ರಾಜ್ಯಗಳ ದನಿ ಮುಳುಗಬಾರದು ಅನ್ನುವುದು ಇದರ ಹಿಂದಿನ ಉದ್ದೇಶ, ಅದು ಅರ್ಥವಾಗುತ್ತದೆ. ಆದರೂ ಈ ಅಂತರ ನನಗೆ ಇವತ್ತಿಗೂ ನ್ಯಾಯ ಅನ್ನಿಸಿಲ್ಲ.

ರಾಜ್ಯ ಬಿಡಿ, ಕೌಂಟಿ ನೋಡಿ

ಮೊದಲ ಕೆಲಸ ಇದು. ರಾಜ್ಯದ ಹೆಸರು ಹಾಕಿ, ಕೌಂಟಿವಾರು ಚುನಾವಣಾ ಫಲಿತಾಂಶ ಹುಡುಕಿ. ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ, ಎಷ್ಟೋ ಕಡೆ ತಾಲ್ಲೂಕಿನಷ್ಟೇ ಚಿಕ್ಕದು. ಟೆಕ್ಸಸ್ ಒಂದರಲ್ಲೇ 254 ಇವೆ. 2012ರ ನಕ್ಷೆ ಮತ್ತು 2024ರ ನಕ್ಷೆ ಅಕ್ಕಪಕ್ಕ ಇಟ್ಟುಕೊಳ್ಳಿ. ಬಣ್ಣ ಬದಲಾಗದ ಕೌಂಟಿಗಳನ್ನು ಬಿಟ್ಟುಬಿಡಿ, ಬದಲಾದವನ್ನು ಗುರುತು ಹಾಕಿ. ಆ ರಾಜ್ಯದ ಕಥೆ ಅಲ್ಲೇ ಇರುತ್ತದೆ. ಟೆಕ್ಸಸ್‌ನ ಮೆಕ್ಸಿಕೊ ಗಡಿಯಲ್ಲಿ ಸ್ಟಾರ್ ಕೌಂಟಿ ಅಂತ ಇದೆ. ಹೆಚ್ಚುಕಮ್ಮಿ ಎಲ್ಲರೂ ಮೆಕ್ಸಿಕನ್ ಮೂಲದವರು. ನೂರು ವರ್ಷಕ್ಕೂ ಹೆಚ್ಚು ಕಾಲ ಡೆಮಾಕ್ರಟ್‌ಗಳ ಜೊತೆ ಇದ್ದ ಆ ಕೌಂಟಿ 2024ರಲ್ಲಿ ಟ್ರಂಪ್ ಕಡೆ ಹೋಯಿತು. "ವಲಸೆ ಬಂದವರೆಲ್ಲ ಡೆಮಾಕ್ರಟ್" ಅಂತ ನಂಬಿಕೊಂಡಿದ್ದರೆ ಆ ಒಂದು ಕೌಂಟಿ ಬಗ್ಗೆ ಓದಿ.

ನಾನು ಈಗಿರುವ ವಾಷಿಂಗ್ಟನ್ ರಾಜ್ಯವನ್ನೇ ತೆಗೆದುಕೊಳ್ಳಿ. ಸಿಯಾಟಲ್ ಕಡೆಯಿಂದ ಹೊರಟು ಸ್ನೋಕ್ವಾಲ್ಮಿ ಪಾಸ್ ದಾಟಿದರೆ, ನಮ್ಮ ಮಲೆನಾಡು ಮುಗಿದು ಬಯಲುಸೀಮೆ ಶುರುವಾಗುತ್ತದಲ್ಲ, ಥೇಟ್ ಹಾಗೆ. ಈ ಕಡೆ ಮಳೆ, ದೇವದಾರು, ಪಾಚಿ. ಆ ಕಡೆ ಒಣ ಗುಡ್ಡ, ಹುಲ್ಲಿನ ಪೆಂಡಿ, ನದಿ ನೀರು ಹರಿಸಿ ಬೆಳೆದ ಸೇಬಿನ ತೋಟ. ಮೋಡವನ್ನು ತಡೆಯುವ ಕ್ಯಾಸ್ಕೇಡ್ ಬೆಟ್ಟಸಾಲೇ ಹೆಚ್ಚುಕಡಿಮೆ ಓಟಿನ ಗಡಿ ಕೂಡ. ಸಿಯಾಟಲ್ ಇರುವ ಕಿಂಗ್ ಕೌಂಟಿ ಗಾಢ ನೀಲಿ, ಸೇಬು ಬೆಳೆಯುವ ಯಾಕಿಮಾ ಕೌಂಟಿ ಕೆಂಪು.

ಎರಡು ವರ್ಷದ ಹಿಂದೆ ಯಾಕಿಮಾ ಹತ್ತಿರ ರಸ್ತೆ ಬದಿಯ ಹಣ್ಣಿನಂಗಡಿಯಲ್ಲಿ ನಿಂತಿದ್ದೆವು. ಅಂಗಡಿಯಾಕೆಗೆ ಹಿಂದೆಯೇ ತೋಟ. ತೂಕ ಮಾಡುತ್ತಾ ಮಾತಿಗೆ ಬಂದರು. ಕೃಷಿ ಕೂಲಿಗಳಿಗೂ ವಾರಕ್ಕೆ 40 ಗಂಟೆ ಮೀರಿದರೆ ಓವರ್‌ಟೈಮ್ ಕೊಡಬೇಕು ಅಂತ ಈ ರಾಜ್ಯ 2021ರಲ್ಲಿ ಕಾನೂನು ಮಾಡಿದೆ. "ಹಣ್ಣು ಕೀಳುವ ಕೆಲಸ ಗಡಿಯಾರ ನೋಡಿ ನಿಲ್ಲಲ್ಲ. ದುಡ್ಡು ಕೊಡೋಕೆ ಆಗದೆ ನಾನೇ ಆಳುಗಳ ಗಂಟೆ ಕಡಿಮೆ ಮಾಡಿದೀನಿ, ಅವರಿಗೂ ನಷ್ಟ" ಅಂದರು. ನನಗೆ ಆ ಕಾನೂನು ಸರಿ ಅನ್ನಿಸುತ್ತದೆ. ಆಫೀಸಿನವರಿಗೆ ಒಂದು ನ್ಯಾಯ, ಏಣಿ ಹತ್ತಿ ಹಣ್ಣು ಕೀಳುವವರಿಗೆ ಇನ್ನೊಂದು ಆಗಬಾರದು. ಆದರೆ ಅಡಿಕೆ ಕೊಯ್ಲಿನ ಹೊತ್ತಲ್ಲಿ ಆಳು ಸಿಗದೆ ಅಪ್ಪ ಪಡುತ್ತಿದ್ದ ಪಾಡು ನೋಡಿ ಬೆಳೆದವಳು ನಾನು. ಆಕೆಯ ಮಾತನ್ನು ಸುಮ್ನೆ ತಳ್ಳಿಹಾಕಲು ಆಗಲಿಲ್ಲ. ಯಾಕಿಮಾ ಯಾಕೆ ಕೆಂಪು ಅನ್ನುವುದು ಆ ಐದು ನಿಮಿಷದಲ್ಲಿ ಅರ್ಥವಾದಷ್ಟು ಯಾವ ಟಿವಿ ಚರ್ಚೆಯಲ್ಲೂ ಆಗಿರಲಿಲ್ಲ.

ಒಂದು ಎಚ್ಚರಿಕೆ. ಕೌಂಟಿ ನಕ್ಷೆ ಕೂಡ ಕಣ್ಣಿಗೆ ಮೋಸ ಮಾಡುತ್ತದೆ. ಇಲಿನಾಯ್‌ನಲ್ಲಿ 102 ಕೌಂಟಿ. 2020ರಲ್ಲಿ ಬೈಡನ್ ಗೆದ್ದದ್ದು ಬರೀ 14ರಲ್ಲಿ, ಆದರೂ ರಾಜ್ಯ ಅವರಿಗೇ ಬಂತು. ಶಿಕಾಗೊ ಇರುವ ಕುಕ್ ಕೌಂಟಿ ಒಂದರಲ್ಲೇ ರಾಜ್ಯದ ಸುಮಾರು 40 ಪರ್ಸೆಂಟ್ ಜನ ಇದ್ದಾರೆ. ಹಾಗಾಗಿ ಜನಸಂಖ್ಯೆಗೆ ತಕ್ಕಂತೆ ದೊಡ್ಡ ಚಿಕ್ಕ ಚುಕ್ಕೆ ಹಾಕಿರುವ ನಕ್ಷೆ ಸಿಕ್ಕರೆ ಅದನ್ನೇ ನೋಡಿ.

ಅಲ್ಲಿಯ ಜನ ಏನು ಕೆಲಸ ಮಾಡುತ್ತಿದ್ದರು ಅಂತ ಕೇಳಿ

ನನಗೆ ತುಂಬಾ ಇಷ್ಟವಾದ ಭಾಗ ಇದು. ಅಲಬಾಮಾ, ಮಿಸಿಸಿಪ್ಪಿ ನಕ್ಷೆ ತೆಗೆದರೆ ಕೆಂಪಿನ ನಡುವೆ ಬಿಲ್ಲಿನ ಹಾಗೆ ಬಾಗಿದ ಒಂದು ನೀಲಿ ಪಟ್ಟಿ ಕಾಣುತ್ತದೆ. ಅದಕ್ಕೆ ಬ್ಲ್ಯಾಕ್ ಬೆಲ್ಟ್ ಅನ್ನುತ್ತಾರೆ. ಕೋಟ್ಯಂತರ ವರ್ಷಗಳ ಹಿಂದೆ ಅಲ್ಲಿ ಸಮುದ್ರದ ದಂಡೆ ಇತ್ತು. ಅದು ಬಿಟ್ಟುಹೋದದ್ದು ಫಲವತ್ತಾದ ಕಪ್ಪು ಮಣ್ಣು. ಕಪ್ಪು ಮಣ್ಣು ಅಂದಮೇಲೆ ಹತ್ತಿ. ಧಾರವಾಡ, ಗದಗದ ಎರೆಹೊಲ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹತ್ತಿ ಬಿಡಿಸಲು ಲಕ್ಷಾಂತರ ಆಫ್ರಿಕನ್ ಮೂಲದ ಜನರನ್ನು ಗುಲಾಮರಾಗಿ ಅಲ್ಲಿ ದುಡಿಸಿದರು. ಅವರ ಮೊಮ್ಮಕ್ಕಳು ಮರಿಮಕ್ಕಳು ಈಗಲೂ ಆ ಕೌಂಟಿಗಳಲ್ಲಿದ್ದಾರೆ, ಹೆಚ್ಚಿನವರು ಡೆಮಾಕ್ರಟ್‌ಗಳಿಗೆ ಓಟು ಹಾಕುತ್ತಾರೆ. ಹಳೇ ಸಮುದ್ರದ ದಂಡೆ ಇವತ್ತಿನ ಓಟಿನ ನಕ್ಷೆಯಲ್ಲಿ ಕಾಣುತ್ತದೆ! ನಮ್ಮ ಧಾರವಾಡಕ್ಕೂ ಇದಕ್ಕೂ ನಂಟಿದೆ. 1840ರ ದಶಕದಲ್ಲಿ ಬ್ರಿಟಿಷರು ಅಮೆರಿಕದ ಹತ್ತಿ ಬೀಜ ತಂದು ಧಾರವಾಡದ ಸುತ್ತ ಬೆಳೆಸಿದರು, 'ಧಾರವಾಡ ಅಮೆರಿಕನ್' ಅನ್ನುವ ತಳಿಯೇ ಇತ್ತು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಅಲ್ಲಿಯ ಹತ್ತಿ ನಿಂತಾಗ ಇಲ್ಲಿಯ ಹತ್ತಿಗೆ ಬಂಗಾರದ ಬೆಲೆ ಬಂತು.

ಇನ್ನು ಒಹಾಯೊ. ನಾನಿದ್ದದ್ದು ಯಂಗ್ಸ್‌ಟೌನ್ ಹತ್ತಿರ, ಟ್ರಂಬುಲ್ ಕೌಂಟಿಯಲ್ಲಿ. ಉಕ್ಕಿನ ಕಾರ್ಖಾನೆಗಳ ಸೀಮೆ. 1977ರ ಸೆಪ್ಟೆಂಬರ್ 19, ಸೋಮವಾರ, ಅಲ್ಲಿಯ ದೊಡ್ಡ ಉಕ್ಕಿನ ಕಾರ್ಖಾನೆ ಮುಚ್ಚುವ ಸುದ್ದಿ ಬಂತು. ಆ ದಿನವನ್ನು ಊರವರು ಇನ್ನೂ ಕಪ್ಪು ಸೋಮವಾರ ಅಂತಲೇ ಕರೆಯುತ್ತಾರೆ. ನಮ್ಮ ಮನೆ ಓನರ್ ಅಜ್ಜ ಪಕ್ಕದ ಲಾರ್ಡ್ಸ್‌ಟೌನ್ ಕಾರ್ ಫ್ಯಾಕ್ಟರಿಯಲ್ಲಿ ದುಡಿದು ರಿಟೈರ್ ಆದವರು. ಅವರ ಗ್ಯಾರೇಜಿನಲ್ಲಿ ಒಂದು ಹಳೇ ಫ್ರಿಜ್. ಬಾಗಿಲ ಮೇಲೆ ಯೂನಿಯನ್ ಸ್ಟಿಕರ್, ಅದರ ಕೆಳಗೆ 2008ರ ಒಬಾಮಾ ಸ್ಟಿಕರ್, ಪಕ್ಕದಲ್ಲಿ 2012ರದ್ದು. 2016ರ ಶರತ್ಕಾಲದಲ್ಲಿ ಅಂಗಳದಲ್ಲಿ ಟ್ರಂಪ್ ಬೋರ್ಡ್ ನೆಟ್ಟರು. ಸ್ಟಿಕರ್‌ಗಳನ್ನು ಕಿತ್ತಿರಲಿಲ್ಲ. ನಾನು ಬಾಡಿಗೆ ಕೊಡಲು ಹೋದಾಗ ಅವರೇ ಹೇಳಿದರು: "ಮೂವತ್ತು ವರ್ಷದಿಂದ ಬಂದವರೆಲ್ಲ ಕೆಲಸ ವಾಪಸ್ ತರ್ತೀವಿ ಅಂದ್ರು. ಇವನೂ ಸುಳ್ಳು ಹೇಳ್ತಿರಬಹುದು. ಆದ್ರೆ ನಮ್ಮೂರಿನ ಹೆಸರು ಹಿಡಿದು ಮಾತಾಡ್ತಾನೆ." ಆ ಸಲ ಟ್ರಂಬುಲ್ ಕೌಂಟಿ 1972ರ ನಂತರ ಮೊದಲ ಬಾರಿ ರಿಪಬ್ಲಿಕನ್ ಅಧ್ಯಕ್ಷನಿಗೆ ಓಟು ಹಾಕಿತು. ಆ ಕಾರ್ ಫ್ಯಾಕ್ಟರಿ 2019ರಲ್ಲಿ ಮುಚ್ಚಿತು.

ಅಜ್ಜನ ಆಯ್ಕೆ ನನಗೆ ಆಗಲೂ ತಪ್ಪು ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ. ಆದರೆ ಒಹಾಯೊದವರು ದ್ವೇಷದಿಂದ ಓಟು ಹಾಕುತ್ತಾರೆ ಅಂತ ಯಾರಾದರೂ ಹೇಳಿದರೆ ನನಗೆ ಆ ಫ್ರಿಜ್ ನೆನಪಾಗುತ್ತದೆ. ವೆಸ್ಟ್ ವರ್ಜೀನಿಯಾದ್ದೂ ಇಂಥದ್ದೇ ಕಥೆ. ಕಲ್ಲಿದ್ದಲು ಗಣಿ, ಗಟ್ಟಿ ಯೂನಿಯನ್. 1996ರಲ್ಲೂ ಡೆಮಾಕ್ರಟ್ ಕ್ಲಿಂಟನ್ ಅವರನ್ನು ಗೆಲ್ಲಿಸಿದ ರಾಜ್ಯ. ಈಗ ಸುಮಾರು 70 ಪರ್ಸೆಂಟ್ ಟ್ರಂಪ್. ವರ್ಮಾಂಟ್ ಇದರ ಉಲ್ಟಾ. ಅದು 1856ರಿಂದ 1988ರವರೆಗೆ 1964 ಒಂದು ಬಿಟ್ಟು ಪ್ರತಿ ಸಲವೂ ರಿಪಬ್ಲಿಕನ್ನರ ಪರ ನಿಂತಿತ್ತು. ಇವತ್ತು ದೇಶದ ಅತಿ ನೀಲಿ ರಾಜ್ಯಗಳಲ್ಲಿ ಒಂದು.

ವ್ಯಕ್ತಿಗೆ ಹಾಕಿದ ಓಟು ಬೇರೆ, ವಿಷಯಕ್ಕೆ ಹಾಕಿದ ಓಟು ಬೇರೆ

ಅಮೆರಿಕದ ಸುಮಾರು ಅರ್ಧ ರಾಜ್ಯಗಳಲ್ಲಿ ಜನ ಸಹಿ ಸಂಗ್ರಹಿಸಿ ಒಂದು ಕಾನೂನನ್ನೇ ನೇರವಾಗಿ ಮತಕ್ಕೆ ಹಾಕಬಹುದು. ಮತಪತ್ರದಲ್ಲಿ ಅಧ್ಯಕ್ಷರ ಹೆಸರಿನ ಕೆಳಗೆ ಇಂಥ ಪ್ರಶ್ನೆಗಳು ಸಾಲಾಗಿ ಇರುತ್ತವೆ, ಹೌದು ಅಥವಾ ಇಲ್ಲ ಅಂತ ಗುರುತು ಹಾಕಬೇಕು. ಒಂದು ರಾಜ್ಯದ ಮನಸ್ಸು ತಿಳಿಯಲು ನನ್ನ ಪ್ರಕಾರ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಕ್ಯಾನ್ಸಸ್ 1964ರ ನಂತರ ಒಬ್ಬ ಡೆಮಾಕ್ರಟ್ ಅಧ್ಯಕ್ಷನಿಗೂ ಓಟು ಕೊಟ್ಟಿಲ್ಲ. ಅಂಥ ರಾಜ್ಯದಲ್ಲಿ 2022ರ ಆಗಸ್ಟ್‌ನಲ್ಲಿ ಗರ್ಭಪಾತದ ಹಕ್ಕನ್ನು ರಾಜ್ಯದ ಸಂವಿಧಾನದಿಂದ ತೆಗೆಯಬೇಕಾ ಅಂತ ಕೇಳಿದಾಗ 59 ಪರ್ಸೆಂಟ್ ಜನ ಬೇಡ ಅಂದರು. ಫ್ಲಾರಿಡಾ 2020ರಲ್ಲಿ ಟ್ರಂಪ್ ಅವರನ್ನು ಗೆಲ್ಲಿಸಿತು, ಅದೇ ಮತಪತ್ರದಲ್ಲಿ ಕನಿಷ್ಠ ಕೂಲಿಯನ್ನು ಹಂತ ಹಂತವಾಗಿ ಗಂಟೆಗೆ 15 ಡಾಲರ್ ಮಾಡುವುದಕ್ಕೂ 60 ಪರ್ಸೆಂಟ್ ಮೀರಿ ಒಪ್ಪಿಗೆ ಕೊಟ್ಟಿತು. ಈ ಕಡೆ ಕ್ಯಾಲಿಫೋರ್ನಿಯಾ ನೋಡಿ. 2024ರಲ್ಲಿ ಕಳ್ಳತನ ಮತ್ತು ಡ್ರಗ್ಸ್ ಕೇಸುಗಳಿಗೆ ಶಿಕ್ಷೆ ಬಿಗಿ ಮಾಡುವ ಪ್ರೊಪೊಸಿಷನ್ 36 ದೊಡ್ಡ ಬಹುಮತದಿಂದ ಪಾಸಾಯಿತು. ಜೈಲಿನಲ್ಲಿ ಬಲವಂತವಾಗಿ ದುಡಿಸುವುದನ್ನು ನಿಲ್ಲಿಸಬೇಕು ಅನ್ನುವ ಪ್ರಸ್ತಾವ ಅದೇ ದಿನ ಬಿದ್ದುಹೋಯಿತು. ಇದು ನನಗೆ ನಿಜವಾಗಿ ಬೇಸರ ತಂದ ಫಲಿತಾಂಶ. ಅಷ್ಟು ಮಾನವ ಹಕ್ಕಿನ ಮಾತಾಡುವ ರಾಜ್ಯ ಅದು.

ಜನ ಪಾಸು ಮಾಡಿದ ಮೇಲೆ ಏನಾಯಿತು ಅಂತಲೂ ಹುಡುಕಿ. ಮಿಸೌರಿಯಲ್ಲಿ 2024ರಲ್ಲಿ ಜನ ಓಟು ಹಾಕಿ ಕೆಲಸಗಾರರಿಗೆ ಸಂಬಳ ಸಹಿತ ಅನಾರೋಗ್ಯದ ರಜೆ ತಂದುಕೊಂಡರು. ಮರು ವರ್ಷವೇ ಶಾಸನಸಭೆ ಅದನ್ನು ರದ್ದು ಮಾಡಿತು. ಫ್ಲಾರಿಡಾದಲ್ಲಿ 2024ರಲ್ಲಿ ಗರ್ಭಪಾತದ ಹಕ್ಕಿಗೆ 57 ಪರ್ಸೆಂಟ್ ಬಂದರೂ ಸೋತಿತು, ಅಲ್ಲಿ 60 ಬೇಕು. ಇಂಥದ್ದನ್ನು ನೋಡಿದಾಗ 'ಆ ರಾಜ್ಯದ ಜನ' ಬೇರೆ, 'ಆ ರಾಜ್ಯದ ಸರ್ಕಾರ' ಬೇರೆ ಅಂತ ಗೊತ್ತಾಗುತ್ತದೆ. ಎರಡರ ಬಗ್ಗೆಯೂ ಅಭಿಪ್ರಾಯ ಬೇರೆ ಬೇರೆ ಇರಬೇಕು.

ವಾಷಿಂಗ್ಟನ್‌ನಲ್ಲಿ ಚುನಾವಣೆಗೆ ಮೊದಲು ಪ್ರತಿ ಮನೆಗೂ ಒಂದು ಪುಸ್ತಿಕೆ ಪೋಸ್ಟಿನಲ್ಲಿ ಬರುತ್ತದೆ. ಪ್ರತಿ ಪ್ರಶ್ನೆಗೆ ಪರ ಇರುವವರ ವಾದ, ವಿರೋಧ ಇರುವವರ ವಾದ, ಒಬ್ಬರಿಗೊಬ್ಬರು ಕೊಟ್ಟ ಉತ್ತರ, ಎಲ್ಲ ಅದರಲ್ಲಿ. ನನಗೆ ಓಟಿಲ್ಲ, ಆದರೂ ಪ್ರತಿ ಸಲ ಅಡುಗೆಮನೆ ಟೇಬಲ್ ಮೇಲಿಟ್ಟು ಪೂರ್ತಿ ಓದುತ್ತೇನೆ. 2024ರದ್ದರಲ್ಲಿ, ಶ್ರೀಮಂತರ ಷೇರು ಲಾಭದ ಮೇಲಿನ ತೆರಿಗೆ ತೆಗೆಯಬೇಕು ಅಂತ ಒಂದು ಪ್ರಶ್ನೆ ಇತ್ತು, ಜನ ಬೇಡ ಅಂದರು. ಮನೆಗಳಿಗೆ ನ್ಯಾಚುರಲ್ ಗ್ಯಾಸ್ ಸಂಪರ್ಕವನ್ನು ಕಾಪಾಡಬೇಕು ಅಂತ ಇನ್ನೊಂದು, ಅದು ಕೂದಲೆಳೆಯಲ್ಲಿ ಗೆದ್ದಿತು. ನೀವು ಹೋಗುವ ರಾಜ್ಯದಲ್ಲಿ ಇಂಥ ಪುಸ್ತಿಕೆ ಇದ್ದರೆ ಅಲ್ಲಿ ಚುನಾವಣೆ ನೋಡಿಕೊಳ್ಳುವ ಅಧಿಕಾರಿ, ಅಂದರೆ ಸೆಕ್ರೆಟರಿ ಆಫ್ ಸ್ಟೇಟ್ ಅವರ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತದೆ. ಹೋಗುವ ಮೊದಲು ಹಿಂದಿನ ಎರಡು ಚುನಾವಣೆಯದ್ದು ಓದಿಕೊಳ್ಳಿ.

ಕಾನೂನು ಬರೆಯುವವರು ಯಾರು

ಇದು ಬೇಗ ಮುಗಿಯುವ ಕೆಲಸ. ಮೂರು ಕಡೆ ನೋಡಿ: ಗವರ್ನರ್, ರಾಜ್ಯದ ಕೆಳಮನೆ, ಮೇಲ್ಮನೆ. ಮೂರೂ ಒಂದೇ ಪಕ್ಷದ ಕೈಲಿದ್ದರೆ ಕಾನೂನು ಸರಸರ ಆಗುತ್ತವೆ. ನೀಲಿ ವರ್ಮಾಂಟ್‌ನಲ್ಲಿ 2017ರಿಂದ ಫಿಲ್ ಸ್ಕಾಟ್ ಅನ್ನುವ ರಿಪಬ್ಲಿಕನ್ ಗವರ್ನರ್ ಇದ್ದಾರೆ. ಕಡು ಕೆಂಪು ಕೆಂಟಕಿಯಲ್ಲಿ ಆಂಡಿ ಬೆಶಿಯರ್ ಅನ್ನುವ ಡೆಮಾಕ್ರಟ್ ಎರಡು ಸಲ ಗೆದ್ದರು. ಅಧ್ಯಕ್ಷರ ಚುನಾವಣೆ ಒಂದನ್ನೇ ನೋಡಿದವರಿಗೆ ಇದು ಗೊತ್ತೇ ಆಗುವುದಿಲ್ಲ.

ದುಡ್ಡಿನ ವಿಷಯಕ್ಕಂತೂ ಬಣ್ಣ ನಂಬಲೇಬೇಡಿ. ಟೆಕ್ಸಸ್‌ನಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ ಅಂತ ಖುಷಿಯಾಗಿ ಹೋದೆವು. ಮೊದಲ ವರ್ಷದ ಪ್ರಾಪರ್ಟಿ ಟ್ಯಾಕ್ಸ್ ಬಿಲ್ ಮನೆ ಬೆಲೆಯ ಸುಮಾರು 2 ಪರ್ಸೆಂಟ್ ಬಂತು, ಅದೂ ಪ್ರತಿ ವರ್ಷ. ಅದರಲ್ಲಿ ದೊಡ್ಡ ಪಾಲು ಸ್ಕೂಲಿಗೆ ಹೋಗುತ್ತದೆ, ನನಗೆ ಆ ಬಗ್ಗೆ ದೂರಿಲ್ಲ, ಆದರೆ ಮೊದಲೇ ಲೆಕ್ಕ ಹಾಕಿಕೊಳ್ಳಬೇಕಿತ್ತು. ನೀಲಿ ವಾಷಿಂಗ್ಟನ್‌ನ ಜನ 2010ರಲ್ಲಿ ದೊಡ್ಡ ಸಂಬಳದವರ ಮೇಲಿನ ಆದಾಯ ತೆರಿಗೆಯನ್ನೂ ಮತ ಹಾಕಿ ತಿರಸ್ಕರಿಸಿದರು. ಕಡು ಕೆಂಪು ನಾರ್ತ್ ಡಕೋಟಾದಲ್ಲಿ 1919ರಿಂದ ಸರ್ಕಾರಿ ಬ್ಯಾಂಕ್ ಇದೆ. ನೆಬ್ರಾಸ್ಕದಲ್ಲಿ ಮನೆಗಳಿಗೆ ಕರೆಂಟ್ ಕೊಡುವುದು ಜನರೇ ಒಡೆತನ ಹೊಂದಿರುವ ಸಾರ್ವಜನಿಕ ಸಂಸ್ಥೆಗಳು. ಗಾಳಿಯಿಂದ ವಿದ್ಯುತ್ ಮಾಡುವುದರಲ್ಲಿ ದೇಶಕ್ಕೇ ಮೊದಲ ರಾಜ್ಯ ಟೆಕ್ಸಸ್.

ಟೆಕ್ಸಸ್ ಬಗ್ಗೆ ಕೇಳಿದರೆ, ಅಲ್ಲಿಯ ಜನ ನನಗೆ ಇಷ್ಟ. ಅಕ್ಕಪಕ್ಕದವರು ಬಂದು ಮಾತಾಡಿಸುತ್ತಾರೆ, ಸಿಯಾಟಲ್ ಕಡೆ ಅದು ಅಪರೂಪ. ಅಲ್ಲಿಯ ಶಾಸನಸಭೆ ಮಾಡಿದ ಗರ್ಭಪಾತದ ಕಾನೂನು ನನಗೆ ಸ್ವಲ್ಪವೂ ಒಪ್ಪಿಗೆಯಿಲ್ಲ. 2022ರಿಂದ ಹೆಚ್ಚುಕಡಿಮೆ ಪೂರ್ತಿ ನಿಷೇಧ. ನಾವು ಎರಡನೇ ಮಗು ಬಗ್ಗೆ ಯೋಚಿಸುತ್ತಿದ್ದ ಸಮಯ ಅದು. ಬಸಿರಿನಲ್ಲಿ ಏನಾದರೂ ತೊಂದರೆಯಾದರೆ ಡಾಕ್ಟರ್ ವಕೀಲರನ್ನು ಕೇಳಿ ಚಿಕಿತ್ಸೆ ಮಾಡುವ ಸ್ಥಿತಿ ಬರಬಹುದು ಅನ್ನುವ ಹೆದರಿಕೆ ನಾವು ಊರು ಬಿಡಲು ಒಂದು ಕಾರಣ. ಹೆಣ್ಣುಮಕ್ಕಳಿರುವ ಮನೆಯವರು ಇದನ್ನು ಸಂಕೋಚ ಪಡದೆ ವಿಚಾರಿಸಿ.

ಮಾತಾಡುವುದು ಹೇಗೆ

ನೀವು ಯಾರಿಗೆ ಓಟು ಹಾಕಿದಿರಿ ಅಂತ ಕೇಳಬೇಡಿ. ಇಲ್ಲಿ ಅದು ಸಂಬಳ ಕೇಳಿದ ಹಾಗೆ. ಊರಲ್ಲಿ ಏನು ಬದಲಾಗಿದೆ, ಸ್ಕೂಲ್ ಹೇಗಿದೆ, ಮನೆ ಬೆಲೆ ಯಾಕೆ ಏರಿತು ಅಂತ ಕೇಳಿ. ಅವರೇ ರಾಜಕೀಯಕ್ಕೆ ಬರುತ್ತಾರೆ. ನಮ್ಮವರಲ್ಲೂ ಎರಡೂ ಕಡೆಯವರಿದ್ದಾರೆ, ಕನ್ನಡ ಕೂಟದ ಯುಗಾದಿ ಊಟದ ಸಾಲಿನಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ. ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾಣೇದಾರ್ 2022ರಲ್ಲಿ ಡೆಟ್ರಾಯಿಟ್ ಕ್ಷೇತ್ರದಿಂದ ಡೆಮಾಕ್ರಟ್ ಆಗಿ ಸಂಸತ್ತಿಗೆ ಆರಿಸಿ ಬಂದರು. ಆ ಕ್ಷೇತ್ರದಲ್ಲಿ ಕಪ್ಪು ಜನಾಂಗದ ಮತದಾರರು ದೊಡ್ಡ ಸಂಖ್ಯೆಯಲ್ಲಿದ್ದಾರೆ. ಯಾರು ಯಾರನ್ನು ಆರಿಸುತ್ತಾರೆ ಅನ್ನುವುದನ್ನು ಮುಖ ನೋಡಿ ಹೇಳಲು ಆಗುವುದಿಲ್ಲ.

ಓಟಿಲ್ಲದವರು ಇದನ್ನು ಖಂಡಿತ ಓದಿ

ಗ್ರೀನ್ ಕಾರ್ಡ್ ಸಾಲಿನಲ್ಲಿ ಒಂದು ದೇಶಕ್ಕೆ 7 ಪರ್ಸೆಂಟ್ ಮಿತಿ ಇರುವುದರಿಂದ ಭಾರತದವರು ವರ್ಷಗಟ್ಟಲೆ ಕಾಯುತ್ತೇವೆ. ತೆರಿಗೆ ಕಟ್ಟುತ್ತೇವೆ, ಮಕ್ಕಳು ಇಲ್ಲೇ ಹುಟ್ಟಿ ಬೆಳೆಯುತ್ತಾರೆ, ಓಟು ಮಾತ್ರ ಇಲ್ಲ. ನನಗೆ ಇದು ಪ್ರತಿ ನವೆಂಬರ್‌ನಲ್ಲೂ ಚುಚ್ಚುತ್ತದೆ. ಆದರೂ ಜೋಪಾನ. ಡ್ರೈವಿಂಗ್ ಲೈಸೆನ್ಸ್ ಮಾಡಿಸುವಾಗ ಓಟಿಗೆ ನೋಂದಾಯಿಸಬೇಕಾ ಅಂತ ಫಾರಂನಲ್ಲಿ ಕೇಳುತ್ತಾರೆ. ಸಿಟಿಜನ್ ಆಗಿಲ್ಲ ಅಂದರೆ ಅಲ್ಲಿ 'ಇಲ್ಲ' ಅಂತಲೇ ಗುರುತು ಹಾಕಿ, ಗ್ರೀನ್ ಕಾರ್ಡ್ ಇದ್ದರೂ ಅಷ್ಟೇ. ಗೊತ್ತಿಲ್ಲದೆ ಹೌದು ಅಂದರೂ ಮುಂದೆ ಸಿಟಿಜನ್‌ಶಿಪ್‌ಗೆ ಕುತ್ತು ಬರಬಹುದು, ದೇಶ ಬಿಡಬೇಕಾಗಿಯೂ ಬರಬಹುದು. ಗ್ರೀನ್ ಕಾರ್ಡ್ ಇಲ್ಲದವರು ಯಾವ ಅಭ್ಯರ್ಥಿಗೂ ಚಂದಾ ಕೊಡುವಂತಿಲ್ಲ, ಐದು ಡಾಲರ್ ಕೂಡ.

ಆದರೆ ಊರಿನ ಸರ್ಕಾರಿ ಶಾಲೆಗಳನ್ನು ನೋಡಿಕೊಳ್ಳುವ ಸ್ಕೂಲ್ ಬೋರ್ಡ್‌ನ ಮೀಟಿಂಗಿಗೆ ಹೋಗಿ ಕೂರಬಹುದು, ಸಾರ್ವಜನಿಕರು ಮಾತಾಡುವ ಹೊತ್ತಲ್ಲಿ ಎದ್ದು ಮಾತಾಡಬಹುದು. ನಾನು ಟೆಕ್ಸಸ್‌ನಲ್ಲಿ ಒಂದು ಸಲ ಮಾತಾಡಿದೆ, ಮಗನ ಸ್ಕೂಲ್ ಬಸ್ಸಿನ ವಿಷಯಕ್ಕೆ. ಕೈ ನಡುಗುತ್ತಿತ್ತು. ನನಗೆ ಓಟಿದೆಯಾ ಅಂತ ಯಾರೂ ಕೇಳಲಿಲ್ಲ.

ತಂಗಿಗೆ ಬರೆದದ್ದು

ನಾರ್ತ್ ಕೆರೊಲೈನಾ 2008ರಲ್ಲಿ ಒಬಾಮಾ ಅವರನ್ನು ಸುಮಾರು 14,000 ಓಟಿನಿಂದ ಗೆಲ್ಲಿಸಿತು. ಆಮೇಲೆ ಅಧ್ಯಕ್ಷರ ಚುನಾವಣೆಯಲ್ಲಿ ಪ್ರತಿ ಸಲವೂ ರಿಪಬ್ಲಿಕನ್. ಗವರ್ನರ್ ಮಾತ್ರ 2016ರಿಂದ ಪ್ರತಿ ಸಲವೂ ಡೆಮಾಕ್ರಟ್. 2016ರಲ್ಲಿ ಟ್ರಾನ್ಸ್‌ಜೆಂಡರ್ ಜನರು ಯಾವ ಶೌಚಾಲಯ ಬಳಸಬೇಕು ಅನ್ನುವ ಕಾನೂನು ತಂದು ದೇಶದ ತುಂಬಾ ಗಲಾಟೆ ಆಯಿತು, ಅದಕ್ಕೆ ಸಹಿ ಹಾಕಿದ ಗವರ್ನರ್ ಅದೇ ವರ್ಷ ಸುಮಾರು 10,000 ಓಟಿನಿಂದ ಸೋತರು. ಜನ ಸಹಿ ಸಂಗ್ರಹಿಸಿ ಕಾನೂನು ಮತಕ್ಕೆ ಹಾಕುವ ವ್ಯವಸ್ಥೆ ಅಲ್ಲಿಲ್ಲ. ಶಾಸನಸಭೆಯಲ್ಲಿ ರಿಪಬ್ಲಿಕನ್ನರದ್ದೇ ಮೇಲುಗೈ. ಚುನಾವಣಾ ಕ್ಷೇತ್ರಗಳ ಗಡಿ ಬರೆಯುವ ವಿಷಯದಲ್ಲಿ ಗವರ್ನರ್‌ಗೆ ವೀಟೊ, ಅಂದರೆ ತಡೆಯುವ ಅಧಿಕಾರ ಕೂಡ ಇಲ್ಲ. ಗರ್ಭಪಾತಕ್ಕೆ 2023ರಿಂದ ಸಾಮಾನ್ಯವಾಗಿ 12 ವಾರದ ಮಿತಿ, ಅದನ್ನು ತಂದದ್ದು ಗವರ್ನರ್ ವೀಟೊ ಮೀರಿ. ಇದನ್ನು ಅವಳಿಗೆ ಎರಡು ಸಲ ಬರೆದೆ.

ಇನ್ನು ಕ್ಯಾರಿ. ಅದರ ಬಹುಪಾಲು ವೇಕ್ ಕೌಂಟಿಯಲ್ಲಿದೆ, ಪಕ್ಕದಲ್ಲೇ ರಾಜಧಾನಿ ರಾಲಿ. ಯೂನಿವರ್ಸಿಟಿಗಳು, ಟೆಕ್ ಮತ್ತು ಔಷಧ ಕಂಪನಿಗಳು. ಕೌಂಟಿ ನೀಲಿ. ಊರಿನ ವೆಂಕಟೇಶ್ವರ ದೇವಸ್ಥಾನದ ರಾಜಗೋಪುರವನ್ನು 2022ರಲ್ಲಿ ಆಗಿನ ಗವರ್ನರ್ ರಾಯ್ ಕೂಪರ್ ಅವರೇ ಬಂದು ಉದ್ಘಾಟಿಸಿದ್ದರು. ಅರ್ಧ ಗಂಟೆ ಕಾರಿನಲ್ಲಿ ದಕ್ಷಿಣಕ್ಕೆ ಹೋದರೆ ಹಾರ್ನೆಟ್ ಕೌಂಟಿ, ಅಲ್ಲಿಯ ಬಣ್ಣ ಬೇರೆ. ಎರಡೂ ಕಡೆ ಹೋಗಿ ಬಾ, ಎರಡೂ ಕಡೆ ತರಕಾರಿ ಕೊಂಡು ಮಾತಾಡಿಸು ಅಂತ ಬರೆದೆ.

ಮೊನ್ನೆ ಮತ್ತೆ ಫೋನ್ ಬಂತು. ವೇಕ್ ಕೌಂಟಿಯ ಕೆಲವು ಸರ್ಕಾರಿ ಶಾಲೆಗಳು ವರ್ಷಪೂರ್ತಿ ನಡೆಯುತ್ತವೆ, ಒಂಬತ್ತು ವಾರ ಪಾಠ, ಮೂರು ವಾರ ರಜೆ, ಬೇಸಿಗೆಯ ದೊಡ್ಡ ರಜೆ ಇರುವುದಿಲ್ಲ. ಅದನ್ನು ಅವಳೇ ಹುಡುಕಿ ಓದಿದ್ದಾಳೆ. "ಅಕ್ಕಾ, ಹಾಗಾದ್ರೆ ಶಿವಮೊಗ್ಗಕ್ಕೆ ಬರೋಕೆ ಮೂರೇ ವಾರ ಸಿಗೋದು. ಮಾಮೂಲಿ ರಜೆ ಇರೋ ಶಾಲೆ ಯಾವ ಏರಿಯಾದಲ್ಲಿದೆ, ಸ್ಕೂಲ್ ಬೋರ್ಡ್‌ಗೆ ಇ-ಮೇಲ್ ಹಾಕಿದ್ರೆ ಉತ್ತರ ಕೊಡ್ತಾರಾ?" ಕೊಡ್ತಾರೆ, ಈಗಲೇ ಹಾಕು ಅಂದೆ.